ಡೇಟಾಬೇಸ್ ಎಂಬ ಮನೆಯಳಿಯ

ಸಿದ್ದಲಿಂಗಸ್ವಾಮಿಯವರಿಗೆ ಬೆಳಗಿನ ವಾಕಿಂಗಿನಲ್ಲಿ ಫೋನು ನೋಡುವ ಚಟ ಇಲ್ಲದೇ ಹೋಗಿದ್ದರೆ ಮಹಾಂತೇಶನಿಗೆ ಆ ದಿನವೂ ಬೇರೆ ದಿನಗಳಂತೆ ಕಳೆದುಹೋಗುತ್ತಿತ್ತು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೇರೆಯವರು ಹಕ್ಕಿ ನೋಡುತ್ತ ನಡೆದರೆ ಇವರು ವಿಡಿಯೋ ನೋಡುತ್ತ ನಡೆಯುತ್ತಿದ್ದರು. ಅವತ್ತಿನ ವಿಡಿಯೋದಲ್ಲಿ ಕಪ್ಪು ಟೀಶರ್ಟಿನವನೊಬ್ಬ, ಇನ್ನೂ ಹಳೇ ಡೇಟಾಬೇಸನ್ನೇ ತಬ್ಬಿಕೊಂಡಿರುವ ಕಂಪನಿಗಳೆಲ್ಲ ಗ್ರಾಮಫೋನಿನಲ್ಲಿ ಹಾಡು ಕೇಳುವ ತಾತಂದಿರಿದ್ದ ಹಾಗೆ ಎಂದುಬಿಟ್ಟ. ಸಿದ್ದಲಿಂಗಸ್ವಾಮಿಯವರು ಅಲ್ಲೇ ನಿಂತರು. ಅವರಿಗೆ ಹೋದ ತಿಂಗಳಷ್ಟೇ ಮೊಮ್ಮಗ ಹುಟ್ಟಿದ್ದ. ತಾತ ಎಂದದ್ದು ಯಾರಿಗೆ ಎಂದು ಅವರಿಗೆ ಅನುಮಾನವೇ ಬರಲಿಲ್ಲ.

ಅವರ ಕಂಪನಿ ಇರುವುದು ಹೂಟಗಳ್ಳಿಯಲ್ಲಿ, ಒಂದು ವೆಲ್ಡಿಂಗ್ ಶಾಪಿನ ಮೇಲಿನ ಮಹಡಿಯಲ್ಲಿ. ಬೋರ್ಡಿನ ಮೇಲೆ ಟೆಕ್ನಾಲಜೀಸ್ ಎಂದು ಬಹುವಚನವಿದೆ. ಒಳಗೆ ಏಕವಚನಕ್ಕೂ ತತ್ವಾರ. ಮೊದಲು ತೂಕದ ಯಂತ್ರ ಮಾರುತ್ತಿದ್ದವರು ಈಗ ಬಿಲ್ ಮಿಷನ್ ಮಾರುತ್ತಾರೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೂತು ಚೀಟಿ ಉಗುಳುವ ಡಬ್ಬ ಅದು. ಯಾವ ಸಾಮಾನಿಗೆ ಎಷ್ಟು ಬೆಲೆ, ನಿನ್ನೆ ಎಷ್ಟು ಹೋಯಿತು, ಇವತ್ತು ಎಷ್ಟು ಉಳಿಯಿತು, ಎಲ್ಲವೂ ಆ ಡಬ್ಬದ ಹೊಟ್ಟೆಯಲ್ಲೇ ಇರಬೇಕು. ನೆಟ್ ಬರಲಿ, ಹೋಗಲಿ, ಹೊಟ್ಟೆ ಮರೆಯಬಾರದು. ಆ ಹೊಟ್ಟೆಯೇ ಡೇಟಾಬೇಸು. ಹೀಗೆ ಬೇರೆ ಕಡೆ ಸರ್ವರ್ ಗಿರ್ವರ್ ಅಂತಿಲ್ಲದೆ ಮಿಷನ್ನೊಳಗೇ ಬೀಡುಬಿಟ್ಟ ಡೇಟಾಬೇಸಿಗೆ ಎಂಬೆಡೆಡ್ ಅನ್ನುತ್ತಾರೆ. ಮಹಾಂತೇಶ ಅಲ್ಲಿ ಹಾಕಿದ್ದದ್ದು ಎಸ್‌ಕ್ಯೂಲೈಟ್. ಅದಕ್ಕೆ ಇಪ್ಪತ್ತು ವರ್ಷದ ಮೇಲಾಗಿದೆ, ಜನರ ಜೇಬಿನಲ್ಲಿರುವ ಫೋನುಗಳೊಳಗೂ ಅದು ಇದೆ, ಅದು ಇದೆಯೆಂದು ಜನಕ್ಕೆ ಗೊತ್ತೇ ಇಲ್ಲ. ಕೆಲಸ ಮಾಡುವವರ ಗತಿ ಎಲ್ಲ ಕಡೆಯೂ ಅಷ್ಟೇ.

ಮಹಾಂತೇಶ ಡಿಪ್ಲೊಮಾವನ್ನು ಅರ್ಧಕ್ಕೆ ಬಿಟ್ಟವನು. ಮಿಷನ್ನಿನ ಸಾಫ್ಟ್‌ವೇರ್ ಬರೆದವನೂ ಅವನೇ, ಅಂಗಡಿಯವರು ಫೋನ್ ಮಾಡಿ "ಚೀಟಿ ಬರ್ತಿಲ್ಲ" ಅಂದಾಗ ಸ್ಕೂಟರ್ ಹತ್ತಿ ಓಡುವವನೂ ಅವನೇ. ಹೋಗಿ ನೋಡಿದರೆ ಪೇಪರ್ ರೋಲನ್ನು ಉಲ್ಟಾ ಹಾಕಿರುತ್ತಾರೆ. ಅವನು ಅದನ್ನು ತಿರುಗಿಸಿ ಹಾಕಿ ಬರುತ್ತಾನೆ. ಹೀಗೆ ಇಡೀ ಮೈಸೂರಿನ ಪೇಪರ್ ರೋಲುಗಳನ್ನು ತಿರುಗಿಸಿ ಅವನ ಯೌವನ ಸವೆಯುತ್ತಿತ್ತು.

ಅವತ್ತು ಬೆಳಿಗ್ಗೆ ಯಜಮಾನರು ಬಂದವರೇ ಬೂಟು ಬಿಚ್ಚದೆ ಕೇಳಿದರು.

"ಮಾಂತೇಶ, ನಮ್ಮ ಮಿಷನ್ನೊಳಗಿರೋದು ಹಳೇದಂತಲ್ಲೋ."

"ಏನು ಸಾರ್?"

"ಡೇಟಾಬೇಸು."

"ಹಳೇದೇ ಸಾರ್. ಚೆನ್ನಾಗೇ ನಡೀತಿದೆಯಲ್ಲ."

"ಗ್ರಾಮಫೋನೂ ಚೆನ್ನಾಗೇ ನಡೀತಿತ್ತು ಕಣೋ."

ಪಕ್ಕದ ಮೇಜಿನಿಂದ ವಿಶ್ರುತ್ ಕುರ್ಚಿ ತಿರುಗಿಸಿದ. ಇಂಜಿನಿಯರಿಂಗ್ ಮುಗಿಸಿ ಬಂದು ನಾಲ್ಕು ತಿಂಗಳಾಗಿದ್ದ ಹುಡುಗ. ಯಜಮಾನರು ಅವನಿಗೆ 'ನೀವು' ಎನ್ನುತ್ತಿದ್ದರು, ಮಹಾಂತೇಶನಿಗೆ 'ಲೋ' ಎನ್ನುತ್ತಿದ್ದರು. ಆ ವಿಡಿಯೋ ಕಳಿಸಿದವನೂ ಅವನೇ.

"ನಾನು ಹೇಳ್ತಾನೇ ಇದ್ದೆ ಸಾರ್. ವೂಶ್ ಡಿಬಿ ಅಂತ ಹೊಸದು ಬಂದಿದೆ. ಸಖತ್ ಫಾಸ್ಟು."

"ಅದು ಬಂದು ಎಷ್ಟು ದಿನ ಆಯ್ತಪ್ಪ?" ಎಂದ ಮಹಾಂತೇಶ.

"ಎರಡು ವರ್ಷ."

"ನಮ್ಮನೆ ಮಿಕ್ಸಿಗೆ ಅದಕ್ಕಿಂತ ಜಾಸ್ತಿ ವಯಸ್ಸಾಗಿದೆ."

ನಿಜ ಹೇಳಬೇಕೆಂದರೆ ವೂಶ್ ಡಿಬಿಯ ಬಗ್ಗೆ ಮಹಾಂತೇಶ ಓದಿದ್ದು ಅರ್ಧ ಪುಟ. ಎಸ್‌ಕ್ಯೂಲೈಟಿನ ಬಗ್ಗೆ ವಿಶ್ರುತನಿಗೆ ಗೊತ್ತಿದ್ದದ್ದು ಅದರ ಹೆಸರು. ಇಷ್ಟು ಸರಿಸಮನಾದ ಜೋಡಿ ಸಿಕ್ಕಮೇಲೆ ವಾದಕ್ಕೆ ಬರವೇ. ಒಬ್ಬ ಹೊಸದರಲ್ಲಿ ನಾಲ್ಕು ಜನ ಒಟ್ಟಿಗೆ ಬರೆಯಬಹುದು ಎಂದ. ಇನ್ನೊಬ್ಬ ಹೊಸದು ತಿಂಗಳಿಗೊಂದು ಅವತಾರ ಎತ್ತುತ್ತದೆ ಎಂದ. ಒಬ್ಬ ಕಾಲದ ಜೊತೆ ಹೋಗಬೇಕು ಎಂದ. ಇನ್ನೊಬ್ಬ ಕಾಲ ಹೋಗಲಿ, ಕೆಟ್ಟರೆ ರಿಪೇರಿಗೆ ಹೋಗುವವನು ನಾನು ಎಂದ. ಕೆಳಗಿನ ವೆಲ್ಡಿಂಗಿನವರು ಗ್ರೈಂಡರ್ ನಿಲ್ಲಿಸಿ ಮೇಲೆ ನೋಡಿದರು.

ಸಿದ್ದಲಿಂಗಸ್ವಾಮಿಯವರು ಕೈ ಎತ್ತಿದರು. "ಸಾಕು. ಮಧ್ಯಾಹ್ನ ಕೆಸರೆ ಪುಟ್ಟಸ್ವಾಮಿಯವರ ಹತ್ರ ಹೋಗ್ತಿದ್ದೀವಿ. ಹಿಂಡಿ ಬೂಸಾ ಅಂಗಡಿ, ಮೂರು ಬ್ರಾಂಚಿದೆ, ನಮ್ಮ ಹೂಟಗಳ್ಳೀಲೂ ಒಂದು. ಇಬ್ರೂ ಅವರ ಮುಂದೆ ಹೇಳಿ. ಅವರು ಯಾವುದನ್ನ ಒಪ್ತಾರೋ ಅದು. ಒಪ್ಪಿಸಿದೋರು ಪ್ರಾಜೆಕ್ಟ್ ಲೀಡು. ಇನ್ನೊಬ್ರು ಇನ್ಮೇಲೆ ಪೇಪರ್ ರೋಲ್ ನೋಡ್ಕೊಳ್ಳೋದು."

ಕೋಣನ ಮುಂದೆ ಕಿನ್ನರಿ ಬಾರಿಸಬೇಡ ಎಂದು ಗಾದೆಯಿದೆ. ಕೋಣನಿಗೆ ಮೇವು ಮಾರುವವರ ಮುಂದೆ ಡೇಟಾಬೇಸ್ ಬಾರಿಸಬಹುದೋ ಇಲ್ಲವೋ ಗಾದೆ ಹೇಳಿಲ್ಲ. ಮಹಾಂತೇಶ ಮಾತ್ರ ಮೈಯೆಲ್ಲ ಕಿವಿಯಾದ. ಪ್ರಾಜೆಕ್ಟ್ ಲೀಡ್ ಆದರೆ ಸ್ಕೂಟರ್ ಕೀ ವಿಶ್ರುತನ ಕೈಗೆ. ಚೀಟಿ ಬಾರದ ಅಂಗಡಿಗಳೆಲ್ಲ ವಿಶ್ರುತನ ಪಾಲಿಗೆ. ಸೋತರೆ, ರೋಲು ತಿರುಗಿಸುವುದೇ ಅವನ ಹಣೆಬರಹ ಎಂದು ಶಿಲಾಶಾಸನವಾದಂತೆ.

ಊಟದ ಹೊತ್ತಿನಲ್ಲಿ ಲೆಕ್ಕಪತ್ರ ನೋಡುವ ಹೇಮಶ್ರೀ ಡಬ್ಬಿ ಹಿಡಿದುಕೊಂಡು ಪಕ್ಕ ಬಂದು ಕೂತಳು. ಕೇಳದಿದ್ದರೂ ಸಲಹೆ ಕೊಡುವುದು ಅವಳ ಧರ್ಮ.

"ಅಲ್ಲಿ ಹೋಗಿ ಎಂಬೆಡೆಡ್ ಗಿಂಬೆಡೆಡ್ ಅನ್ಬೇಡಿ ಮತ್ತೆ. ಮನೆ ಮಾತಲ್ಲಿ ಹೇಳಿ, ಥಟ್ ಅಂತ ತಲೆಗೆ ಹೋಗುತ್ತೆ. ನಮ್ಮಪ್ಪನಿಗೆ ಇಂಟರ್ನೆಟ್ ಅಂದ್ರೆ ನಲ್ಲಿ ನೀರು ಇದ್ದ ಹಾಗೆ ಅಂತ ನಾನೇ ಹೇಳ್ಕೊಟ್ಟಿದ್ದು."

"ತಿಳ್ಕೊಂಡ್ರಾ?"

"ತಿಳ್ಕೊಂಡ್ರು. ಈಗ ನೆಟ್ ಹೋದ್ರೆ ನೀರು ಬಿಡೋನಿಗೆ ಫೋನ್ ಮಾಡ್ತಾರೆ."

ಆ ಎಚ್ಚರಿಕೆಯನ್ನು ಎಚ್ಚರಿಕೆ ಎಂದು ತಿಳಿಯುವ ಸ್ಥಿತಿಯಲ್ಲಿ ಮಹಾಂತೇಶ ಇರಲಿಲ್ಲ. ಯಜಮಾನರೂ ವಿಶ್ರುತನೂ ಬಸ್ಸಿನಲ್ಲಿ ಹೊರಟರು; ಅವನು ಕೆಸರೆಗೆ ಹೋಗುವ ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಹೋಲಿಕೆ ಹುಡುಕಿದ. ಅಡುಗೆಮನೆಯ ಉಪ್ಪಿನ ಜಾಡಿ? ಸಾಲದು. ಹಿತ್ತಲ ಬಾವಿ? ಈಗ ಯಾರ ಮನೆಯಲ್ಲಿದೆ ಬಾವಿ. ಒಂದು ಸಿಗ್ನಲ್ಲಿನಲ್ಲಿ ಕೆಂಪು ದೀಪ ನೋಡುತ್ತಿದ್ದಾಗ ಚಾಮುಂಡಿಯೇ ಬೆಟ್ಟದಿಂದ ಕೂಗಿ ಹೇಳಿದಂತೆ ಹೊಳೆಯಿತು: ಮನೆಯಳಿಯ. ಮಿಷನ್ನಿನ ಮನೆಯಲ್ಲೇ ಇದ್ದು, ಅಲ್ಲೇ ಉಂಡು, ಅಲ್ಲೇ ದುಡಿಯುವವನು. ಆ ಪದ ಸಿಕ್ಕ ಸಂತೋಷದಲ್ಲಿ ದೀಪ ಹಸಿರಾದದ್ದನ್ನೂ ಮರೆತು ನಿಂತ. ಹಿಂದಿದ್ದ ಆಟೋದವನು ಅವನ ವಂಶದ ಹಿರಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದ.

ಪುಟ್ಟಸ್ವಾಮಿಯವರ ಅಂಗಡಿಯ ಮುಂಭಾಗ ಅಂಗಡಿ, ಹಿಂಭಾಗ ಮನೆ, ನಡುವೆ ಒಂದು ಹೂವಿನ ಪರದೆ. ಆ ಪರದೆಯ ಹಿಂದೆ ಇಬ್ಬರು ಹೆಂಗಸರ ಕಾಲುಗಳು ಕಾಣುತ್ತಿದ್ದವು. ಕಾಲುಗಳಿಗೇ ಕಿವಿ ಇದ್ದಂತೆ ಅವು ಅಲುಗಾಡದೆ ನಿಂತಿದ್ದವು. ಕೌಂಟರಿನ ಹಿಂದೆ ಒಬ್ಬ ಸಣಕಲು ಮನುಷ್ಯ ತಲೆ ತಗ್ಗಿಸಿಕೊಂಡು ಬೂಸಾ ತೂಗುತ್ತಿದ್ದ. ಯಾರೋ ಸಂಬಳದ ಆಳು ಎಂದುಕೊಂಡ ಮಹಾಂತೇಶ. ಪುಟ್ಟಸ್ವಾಮಿಯವರು ಮೂಟೆಗೊರಗಿ ಕೂತು "ಏಳ್ರಪ್ಪ ಏನೇಳ್ಬೇಕೋ" ಎಂದರು.

ವಿಶ್ರುತ್ ಮೊದಲು ನಿಂತ. ಹಿಂಡಿ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬಣ್ಣಬಣ್ಣದ ಗ್ರಾಫು ತೋರಿಸಿದ. ಮೇಲಿನ ಫ್ಯಾನು ಬೂಸಾದ ಧೂಳನ್ನೆಲ್ಲ ಅವನ ಮೂಗಿಗೆ ಸರಬರಾಜು ಮಾಡುತ್ತಿತ್ತು. ಒಂದೊಂದು ಸ್ಲೈಡಿಗೆ ಎರಡೆರಡು ಸೀನು.

"ಕರೆಂಟ್ ಓದ್ರೆ ಏನ್ಮಾಡ್ತದೆ ಇದು?" ಎಂದು ಕೇಳಿದರು ಪುಟ್ಟಸ್ವಾಮಿ.

"ಸಾರ್, ಇದು ಕ್ರ್ಯಾಶ್ ರೆಸಿಲಿಯೆಂಟ್."

"ಅಂಗಂದ್ರೆ?"

"ಅಂದ್ರೆ... ತಡ್ಕೊಳುತ್ತೆ ಸಾರ್."

"ಎಷ್ಟೊತ್ತು ತಡ್ಕೊತದೆ?"

ವಿಶ್ರುತ್ ಉತ್ತರ ಹೇಳಲು ಬಾಯಿ ತೆರೆದ, ಸೀನು ಬಂತು. ಅದನ್ನೇ ಉತ್ತರವೆಂದು ಸ್ವೀಕರಿಸಿ ಪುಟ್ಟಸ್ವಾಮಿ ಮಹಾಂತೇಶನ ಕಡೆ ತಿರುಗಿದರು.

ಮಹಾಂತೇಶ ಲ್ಯಾಪ್‌ಟಾಪ್ ಮುಚ್ಚಿದ.

"ಯಜಮಾನ್ರೇ, ಬೇರೆಯವರು ಹಾಕೋ ಡೇಟಾಬೇಸ್ ಎಲ್ಲ ಬೇರೆ ಊರಲ್ಲಿರೋ ಅಳಿಯ ಇದ್ದ ಹಾಗೆ. ಬೇಕಾದಾಗ ಫೋನ್ ಮಾಡ್ಬೇಕು, ಅವನು ಬಸ್ ಹತ್ಬೇಕು, ಆ ಬಸ್ ಕೆಡಬಾರದು. ನಾವು ಹಾಕೋದು ಹಂಗಲ್ಲ. ನಮ್ಮದು ಮನೆಯಳಿಯ."

ಕೌಂಟರಿನ ಹಿಂದೆ ಬೂಸಾ ಸುರಿಯುವ ಸದ್ದು ನಿಂತಿತು.

ಮಹಾಂತೇಶನಿಗೆ ಗೊತ್ತಿಲ್ಲದ ಒಂದು ಸಂಗತಿ ಆ ಬೀದಿಯ ಹಸುಗಳಿಗೂ ಗೊತ್ತಿತ್ತು. ತಲೆ ತಗ್ಗಿಸಿಕೊಂಡು ತೂಗುತ್ತಿದ್ದ ಆ ಸುನಿಲ್, ಪುಟ್ಟಸ್ವಾಮಿಯವರ ಒಬ್ಬಳೇ ಮಗಳು ಸಿಂಚನಳ ಗಂಡ. ಮದುವೆಯಾದಾಗಿನಿಂದ ಅವನ ವಾಸ ಇದೇ ಮನೆಯಲ್ಲಿ. ಸಿದ್ದಲಿಂಗಸ್ವಾಮಿಯವರಿಗಂತೂ ಚೆನ್ನಾಗಿ ಗೊತ್ತಿತ್ತು, ಆ ಮದುವೆಯಲ್ಲಿ ಹೋಳಿಗೆ ಉಂಡು ಬಂದವರು. ಅವರು ಮಹಾಂತೇಶನ ತೊಡೆ ಚಿವುಟಿದರು. ಯಜಮಾನರು ಶಹಬ್ಬಾಸ್ ಅನ್ನುತ್ತಿದ್ದಾರೆ ಎಂದುಕೊಂಡ ಅವನು ಇನ್ನಷ್ಟು ಏರಿದ.

"ಮನೆಯಳಿಯನಾ?" ಎಂದರು ಪುಟ್ಟಸ್ವಾಮಿ, ನೆಟ್ಟಗೆ ಕೂತು.

"ಹೂಂ. ಒಂದು ಮೂಲೆ ಕೊಟ್ರೆ ಸಾಕು, ಬಿದ್ದಿರ್ತಾನೆ. ಸಂಬಳ ಕೇಳಲ್ಲ. ರಜ ಕೇಳಲ್ಲ. ಕರೆದ ತಕ್ಷಣ ಎದ್ದು ಬಂದು ಲೆಕ್ಕ ಒಪ್ಪಿಸ್ತಾನೆ. ಎದುರು ಮಾತು ಅನ್ನೋದೇ ಇಲ್ಲ."

"ಅದು ದಿಟ" ಎಂದರು ಪುಟ್ಟಸ್ವಾಮಿ, ಅನುಭವಸ್ಥರ ಹಾಗೆ.

"ಆದ್ರೆ ಒಂದು ಕೊರತೆ ಮುಚ್ಚಿಡಬಾರದು ನೋಡಿ. ಒಂದು ಸಲಕ್ಕೆ ಒಬ್ಬರು ಹೇಳಿದ್ದನ್ನೇ ಅವನು ಬರ್ಕೊಳ್ಳೋದು. ಮಾವ ಹೇಳ್ತಿದ್ರೆ ಅತ್ತೆ ಕಾಯ್ಬೇಕು."

ಪರದೆ ಸರಿಯಿತು. ಎರಡು ಕಾಲುಗಳ ಮೇಲೆ ಪುಟ್ಟಸ್ವಾಮಿಯವರ ಹೆಂಡತಿ ಶಿವನಂಜಮ್ಮನವರು ಪೂರ್ತಿಯಾಗಿ ಪ್ರತ್ಯಕ್ಷರಾದರು.

"ನಾನ್ಯಾಕಪ್ಪ ಕಾಯ್ಲಿ?"

"ಒಂದು ಗಳಿಗೆ ಅಷ್ಟೇ ಅಮ್ಮ. ಇಬ್ರೂ ಒಟ್ಟಿಗೆ ಹೇಳಿದ್ರೆ ಅವನು ಬಾಗ್ಲು ಹಾಕ್ಕೊಂಡು ಕೂತ್ಬಿಡ್ತಾನೆ."

"ಅದಕ್ಕೇನಾ ಇವ್ರು ಮೊನ್ನೆ ಬಾತ್‌ರೂಮಲ್ಲಿ ಅಷ್ಟೊತ್ತು ಇದ್ದದ್ದು" ಎಂದಿತು ಪರದೆಯ ಹಿಂದಿನ ಎಳೆಯ ದನಿ. ಅದು ಸಿಂಚನ.

ಇದೇ ಸಮಯವೆಂದು ವಿಶ್ರುತ್ ನಡುವೆ ನುಗ್ಗಿದ. "ಅಮ್ಮ, ನಮ್ಮ ಹೊಸ ಮನೆಯಳಿಯ ಹಂಗಲ್ಲ. ನಾಲ್ಕು ಜನ ಒಟ್ಟಿಗೆ ಹೇಳಿದ್ರೂ ನಾಲ್ಕು ಜನದ್ದೂ ಕೇಳ್ತಾನೆ."

"ನಾಲ್ಕು ಜನದ್ದು ಕೇಳೋನು ಯಾರ ಕೆಲಸಾನೂ ನೆಟ್ಟಗೆ ಮಾಡಲ್ಲ ಕಣಮ್ಮ" ಎಂದ ಮಹಾಂತೇಶ. ಪೇಪರ್ ರೋಲುಗಳೆಲ್ಲ ವಿಶ್ರುತನ ಮಡಿಲಿಗೆ ಉರುಳುತ್ತಿರುವುದು ಅವನಿಗೆ ಆಗಲೇ ಕಾಣುತ್ತಿತ್ತು. "ಹೊಸಬ ನೋಡಕ್ಕೆ ಚಂದ. ಆದ್ರೆ ತಿಂಗಳಿಗೊಂದು ಸಲ ಬುದ್ಧಿ ಬದಲಾಗುತ್ತೆ. ಹೋದ ತಿಂಗಳು ತಾನೇ ಬರೆದಿಟ್ಟಿದ್ದನ್ನ ಈ ತಿಂಗಳು ನಂಗೆ ಓದಕ್ಕೆ ಬರಲ್ಲ ಅಂತಾನೆ. ಹಳಬ ಹಂಗಲ್ಲ. ಇಪ್ಪತ್ತು ವರ್ಷ ಆದ್ರೂ ಇದ್ದಲ್ಲೇ ಇರ್ತಾನೆ. ಎಲ್ಲಿಗೂ ಹೋಗಲ್ಲ. ಹೋಗೋಕೆ ಅವನಿಗೆ ಬೇರೆ ಜಾಗಾನೂ ಇಲ್ಲ."

ಸಿದ್ದಲಿಂಗಸ್ವಾಮಿಯವರು ಈಗ ಎರಡೂ ಕೈಗಳಿಂದ ಚಿವುಟುತ್ತಿದ್ದರು.

"ಅಳೇದೇ ವಾಸಿ" ಎಂದು ತೀರ್ಪು ಕೊಟ್ಟರು ಪುಟ್ಟಸ್ವಾಮಿ. "ಇದ್ದಲ್ಲೇ ಬಿದ್ದಿರ್ಬೇಕು. ಅದೇ ಮುಖ್ಯ."

ಮಹಾಂತೇಶ ಗೆದ್ದಿದ್ದ. ವಿಶ್ರುತನ ಕಡೆ ನೋಡಿ, ಜೇಬಿನಿಂದ ಸ್ಕೂಟರ್ ಕೀ ತೆಗೆದು ಮೂಟೆಯ ಮೇಲೆ ಮೆಲ್ಲಗೆ ಇಟ್ಟ. ಅವನ ಬದುಕಿನಲ್ಲಿ ಅಷ್ಟು ಒಳ್ಳೆಯ ಗಳಿಗೆ ಅದಕ್ಕೂ ಮೊದಲು ಬಂದಿರಲಿಲ್ಲ. ಅದು ಗಳಿಗೆಯೇ ಆಗಿತ್ತು, ಹೆಚ್ಚಿಲ್ಲ.

ಏಕೆಂದರೆ ಕೌಂಟರಿನ ಹಿಂದಿನ ಮನುಷ್ಯ ಕೈಯಲ್ಲಿದ್ದ ಮೊಗೆಯನ್ನು ಕೆಳಗಿಟ್ಟು, ಕೈ ಕೊಡವಿಕೊಂಡು ಹೊರಗೆ ಬಂದ. ಹೊಡೆಯಲು ಬಂದ ಎಂದುಕೊಂಡು ಸಿದ್ದಲಿಂಗಸ್ವಾಮಿಯವರು ಅರ್ಧ ಎದ್ದರು. ಅವನು ಬಂದು ಮಹಾಂತೇಶನ ಕೈ ಹಿಡಿದುಕೊಂಡ.

"ಅಣ್ಣ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಇಷ್ಟು ವರ್ಷದಿಂದ ನಂಗೇ ಇದನ್ನ ಬಾಯಿ ಬಿಟ್ಟು ಹೇಳಕ್ಕೆ ಆಗಿರಲಿಲ್ಲ. ಒಂದು ಮೂಲೆ ಕೊಟ್ರೆ ಬಿದ್ದಿರ್ತಾನೆ ಅಂದ್ರಲ್ಲ, ಎಷ್ಟು ಚೆನ್ನಾಗಿ ಹೇಳ್ಬುಟ್ರಿ."

"ನೀವು ಯಾರು?" ಎಂದ ಮಹಾಂತೇಶ.

"ಹಳೇ ಡೇಟಾಬೇಸು" ಎಂದ ಸುನಿಲ್.

ಮಹಾಂತೇಶ ಯಜಮಾನರ ಮುಖ ನೋಡಿದ. ಯಜಮಾನರು ಫ್ಯಾನು ನೋಡಿದರು. ಆಗ ಅವನಿಗೆ ತೊಡೆ ಉರಿಯತೊಡಗಿತು.

ಸುನಿಲ್ ಮಾವನ ಕಡೆ ತಿರುಗಿದ. ದನಿ ಏರಿಸಲಿಲ್ಲ. "ಮಾವ, ಹೂಟಗಳ್ಳಿ ಬ್ರಾಂಚ್ ನಾನೇ ನೋಡ್ಕೊತೀನಿ. ಅಲ್ಲೇ ಹತ್ರದಲ್ಲಿ ಮನೆ ಮಾಡ್ತೀವಿ. ಹಬ್ಬಕ್ಕೆ ಬತ್ತೀವಿ. ಸಿಂಚನ, ಬಟ್ಟೆ ತಗೊ."

ಸಿಂಚನ ಅಷ್ಟರಲ್ಲೇ ಬ್ಯಾಗ್ ಹಿಡಿದುಕೊಂಡು ಬಂದಿದ್ದಳು. ಅದು ಅಷ್ಟು ಬೇಗ ಬಂದದ್ದು ನೋಡಿದರೆ ಬಹಳ ದಿನದಿಂದ ತುಂಬಿಯೇ ಇತ್ತೆಂದು ಕಾಣುತ್ತದೆ.

"ಅಲ್ಲಿ ನಂಗೆ ಆ ಹೊಸದನ್ನೇ ಹಾಕ್ಕೊಡಿ" ಎಂದು ಸುನಿಲ್ ವಿಶ್ರುತನಿಗೆ ಹೇಳಿದ. "ಮಾವ ಅತ್ತೆ ಹೆಂಡ್ತಿ ಗಿರಾಕಿ, ನಾಲ್ಕು ಜನದ ಮಾತು ಒಟ್ಟಿಗೆ ಕೇಳಿ ಕೇಳಿ ನಂಗೆ ಅಭ್ಯಾಸ ಆಗ್ಬಿಟ್ಟದೆ. ಮಿಷನ್ನೂ ಒಂಚೂರು ಕೇಳ್ಲಿ."

ವಿಶ್ರುತ್ ಕಣ್ಣೊರೆಸಿಕೊಂಡ. ಅದು ಬೂಸಾದ ಧೂಳಿಗೋ ಸಂತೋಷಕ್ಕೋ ಹೇಳುವುದು ಕಷ್ಟ. ಗಂಡ ಹೆಂಡತಿ ನಡುವೆ ಬ್ಯಾಗ್ ಇಟ್ಟುಕೊಂಡು ಬೈಕ್ ಹತ್ತಿದರು.

ಬೈಕಿನ ಸದ್ದು ಅಡಗಿತು. ಶಿವನಂಜಮ್ಮನವರು ಸೆರಗಿನಿಂದ ಮೂಗೊರೆಸಿಕೊಂಡು ಮಹಾಂತೇಶನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಂಗಿದ್ದ ಗೊತ್ತಾ ನಮ್ ಅಳಿಮಯ್ಯ. ಬಾಯಿಲ್ಲದ ಬಸವಣ್ಣ. ಚೆಂದಾಗಿದ್ದ ಮನೆಗೆ ಬಂದು ಏನೇನೋ ಏಳ್ಬುಟ್ಟೆಯಲ್ಲಪ್ಪ."

"ಅಮ್ಮ, ನಾನು ಹೇಳಿದ್ದು ಮಿಷನ್ ವಿಷಯ."

"ಮಿಷನ್ಗೆ ಅತ್ತೆ ಇರ್ತಾಳಾ?"

ಇದಕ್ಕೆ ಯಾವ ಕಾಲೇಜಿನಲ್ಲೂ ಉತ್ತರ ಹೇಳಿಕೊಡುವುದಿಲ್ಲ.

ಪುಟ್ಟಸ್ವಾಮಿಯವರು ಗಲ್ಲ ಕೆರೆದುಕೊಂಡರು. "ಓಗ್ಲಿ ಬುಡು. ಊಟಗಳ್ಳಿ ಏನು ಲಂಡನ್ನಾ. ಸಿದ್ಲಿಂಗಸ್ವಾಮೋರೇ, ನಾನು ಮಾತು ತಪ್ಪಲ್ಲ. ಇಲ್ಲಿಗೆ ನಿಮ್ಮ ಅಳೇದನ್ನೇ ಆಕಿ. ಆದ್ರೆ ಕೌಂಟರ್ ಖಾಲಿ ಆಯ್ತಲ್ಲ. ತೂಗೋರ್ಯಾರು, ಚೀಟಿ ಕೊಡೋರ್ಯಾರು? ಓಡ್ಸಿದೋರೇ ಕೂತ್ಕೊಬೇಕು."

"ಸಾರ್" ಎಂದ ಮಹಾಂತೇಶ, ಯಜಮಾನರಿಗೆ ಮಾತ್ರ ಕೇಳುವ ಹಾಗೆ.

ಸಿದ್ದಲಿಂಗಸ್ವಾಮಿಯವರ ತಲೆಯಲ್ಲಿ ಮೂರು ಬ್ರಾಂಚುಗಳು ತೂಗಾಡಿದವು. ಒಂದು ಕಡೆ ಮಹಾಂತೇಶ, ಒಂದು ಕಡೆ ಮೂರು ಬ್ರಾಂಚು. ತೂಕದ ಯಂತ್ರ ಮಾರಿದ ಮನುಷ್ಯ. ಮುಳ್ಳು ಯಾವ ಕಡೆ ವಾಲಿತೆಂದು ನೋಡಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅದಕ್ಕೇನಂತೆ, ಇರ್ಲಿ ಬಿಡಿ" ಎಂದರು. ಆಮೇಲೆ ಮಹಾಂತೇಶನನ್ನು ಬಾಗಿಲ ಬಳಿ ಎಳೆದುಕೊಂಡು ಹೋಗಿ ಹೆಗಲ ಮೇಲೆ ಕೈ ಹಾಕಿದರು. "ಲೋ, ಮುಖ ಸಪ್ಪೆ ಮಾಡ್ಕೋಬೇಡ. ಹೇಳಿದ ಹಾಗೆ ಇವತ್ತಿಂದ ನೀನು ಪ್ರಾಜೆಕ್ಟ್ ಲೀಡು. ಅದೂ ಕ್ಲೈಂಟ್ ಜಾಗದಲ್ಲೇ ಕೂತು. ಇದಕ್ಕೆ ಏನಂತಾರೆ ಗೊತ್ತಾ? ಆನ್‌ಸೈಟ್ ಅಂತಾರೆ. ನಮ್ಮ ಕಂಪನೀಲಿ ಮೊದಲನೇ ಆನ್‌ಸೈಟು ನಿಂದೇ ಕಣೋ."

"ಎಷ್ಟು ದಿನ ಸಾರ್?"

"ಅವರ ಅಳಿಯ ವಾಪಸ್ ಬರೋ ತನಕ."

ಮಹಾಂತೇಶ ರಸ್ತೆಯ ಕಡೆ ನೋಡಿದ. ಬೈಕು ಹೋದ ದಾರಿಯಲ್ಲಿ ಧೂಳು ಕೂಡ ಉಳಿದಿರಲಿಲ್ಲ. ಹೋಗುವಾಗ ಸುನಿಲ್ ಶಿಳ್ಳೆ ಹಾಕುತ್ತಿದ್ದದ್ದು ಅವನಿಗೆ ನೆನಪಾಯಿತು. ವಾಪಸ್ ಬರುವ ಮನುಷ್ಯ ಹಾಗೆ ಶಿಳ್ಳೆ ಹಾಕುವುದಿಲ್ಲ.

ಯಜಮಾನರೂ ವಿಶ್ರುತನೂ ಹೊರಟರು. ಸ್ಕೂಟರಿನಲ್ಲೇ ಹೊರಟರು, ಇನ್ನು ಅದರ ಅಗತ್ಯ ಮಹಾಂತೇಶನಿಗೆ ಇರಲಿಲ್ಲ. ಅವನು ಕೌಂಟರಿನ ಹಿಂದೆ ಹೋಗಿ, ಸುನಿಲ್ ಇಟ್ಟುಹೋಗಿದ್ದ ಮೊಗೆಯನ್ನು ಕೈಗೆತ್ತಿಕೊಂಡ. ಒಳಗಿನಿಂದ ಶಿವನಂಜಮ್ಮನವರು ಸೊಪ್ಪಿನ ಸಾರ್ ಆಗ್ತದಾ ಎಂದು ಕೇಳಿದರು. ಆಗುತ್ತೆ ಎಂದ. ಎದುರು ಮಾತಾಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಸಂಜೆಯ ಹಾಲು ಕರೆಯುವ ಹೊತ್ತಿಗೆ ಮೊದಲ ಗಿರಾಕಿ ಬಂದ. ಪಕ್ಕದ ಬೀದಿಯಲ್ಲಿ ಮೂರು ಹಸು ಕಟ್ಟಿರುವ ಬೆಟ್ಟಯ್ಯ. ಕೌಂಟರಿನ ಹಿಂದಿನ ಹೊಸ ಮುಖವನ್ನು, ಸಂತೆಯಲ್ಲಿ ದನ ನೋಡುವ ಹಾಗೆ ಕೊಂಬಿನಿಂದ ಗೊರಸಿನ ತನಕ ನೋಡಿದ. ಹಲ್ಲು ಬಿಡಿಸಿ ನೋಡುವುದೊಂದು ಬಾಕಿ.

"ಏನ್ ಪುಟ್ಟಸ್ವಾಮಣ್ಣ, ಅಳಿಯ ಕಾಣ್ತಿಲ್ಲ?"

"ಓದ ಕಣಪ್ಪ ಅವ್ನು" ಎಂದರು ಪುಟ್ಟಸ್ವಾಮಿ, ಮೂಟೆಗೆ ಒರಗುತ್ತಾ. "ಇವ್ನು ಒಸಬ."

ಬೆಟ್ಟಯ್ಯ ನಿಟ್ಟುಸಿರು ಬಿಟ್ಟ.

"ಒಸದೆಲ್ಲ ಮೊದಮೊದ್ಲು ನೋಡಕ್ಕೆ ಚೆನ್ನಾಗೇ ಇರ್ತದೆ ಕಣಣ್ಣ" ಎಂದ. "ಏನೇ ಆದ್ರೂ ಅಳೇದನ್ನ ಬುಡಬಾರ್ದಾಗಿತ್ತು."

ಎಂದವನು, ಮಹಾಂತೇಶ ತೂಗಿಕೊಟ್ಟ ಬೂಸಾವನ್ನು ತೂಕಕ್ಕೆ ಇನ್ನೊಂದು ಸಲ ಹಾಕಿಸಿದ.